ಎತ್ತರಿಸಿದ ಪಿಕಪ್ಪಿಗೆ ಹಿಂದಿನ ಶಾಕಪ್: ಮೊದಲು ಟೇಪು, ಆಮೇಲೆ ದುಡ್ಡು

ಕಳೆದ ಬೇಸಿಗೆಯಲ್ಲಿ ವಿಜಯಪುರ ಹತ್ತಿರದ ತಿಕೋಟಾದಿಂದ ಅಕ್ಕನ ಮಗನ ಫೋನು ಬಂತು. "ಮಾಮಾ, ಹಿಂದಿನ ಎರಡೂ ಶಾಕಪ್ ಹೊಸಾವು ಹಾಕೇನಿ. ಆದ್ರೂ ತೆಗ್ಗು ಬಂದ್ರ ಗಾಡಿ ಕತ್ತಿ ಒದ್ದಂಗ ಒದಿತೈತಿ."

ಶಾಕಪ್ ಅಂದರೆ ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್. ಅವನದು ಸ್ವಂತಕ್ಕೆ ಇಟ್ಟುಕೊಂಡ ದೊಡ್ಡ ಪಿಕಪ್. ದ್ರಾಕ್ಷಿ ತೋಟಕ್ಕೆ ಹೋಗುವ ದಾರಿ ಪೂರ್ತಿ ಎರೆಮಣ್ಣು. ಮಳೆ ಬಿದ್ದರೆ ಟ್ರ್ಯಾಕ್ಟರ್ ಗಾಲಿಯ ಗುರುತು ಸಣ್ಣ ಕಾಲುವೆಯಾಗುತ್ತದೆ, ಪಿಕಪ್ಪಿನ ಹೊಟ್ಟೆ ನೆಲಕ್ಕೆ ಹತ್ತುತ್ತದೆ. ಅದಕ್ಕೇ ಗಾಡಿಯನ್ನು 2 ಇಂಚು ಎತ್ತರ ಮಾಡಿಸಿದ್ದ. ಆಮೇಲೆ ಅಂಗಡಿಗೆ ಹೋಗಿ "2 ಇಂಚ್ ಲಿಫ್ಟಿಗೆ ಶಾಕಪ್ ಕೊಡ್ರಿ" ಅಂದ. ಕೊಟ್ಟರು. ಹಾಕಿಸಿದ.

ತಪ್ಪು ಅಲ್ಲೇ ಆಗಿದ್ದು. "2 ಇಂಚಿನ ಶಾಕಪ್" ಅನ್ನುವುದು ಡಬ್ಬದ ಮೇಲಿನ ಅಂದಾಜು ಮಾತು. ಶಾಕಪ್ಪಿಗೆ ಇರುವುದು ಎರಡು ಉದ್ದ: ಪೂರ್ತಿ ಒತ್ತಿದಾಗ ಎಷ್ಟು, ಪೂರ್ತಿ ಎಳೆದಾಗ ಎಷ್ಟು. ಆ ಎರಡು ಅಂಕಿ ನಿಮ್ಮ ಗಾಡಿಗೆ ಹೊಂದಬೇಕು. ಜೊತೆಗೆ ಒಳಗಿನ ಬಿಗಿ ನೀವು ದಿನಾ ಹೇರುವ ಭಾರಕ್ಕೆ ಹೊಂದಬೇಕು. ಕಂಪನಿ ಹೆಸರು, ಬಣ್ಣ, ಹೊಳಪು ಎಲ್ಲ ಆಮೇಲಿನ ಮಾತು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಕೆಲಸ ಮಾಡುವವನು. ಎಣ್ಣೆ, ಸೀಲು, ಪಿಸ್ಟನ್ ಜೊತೆಗೇ ದಿನ ಕಳೆಯುತ್ತದೆ. ಹಾಗಾಗಿ ಮನೆಯವರ ಗಾಡಿ ಕುಲುಕಿದರೂ ಫೋನು ನನಗೇ ಬರುತ್ತದೆ.

ಶಾಕಪ್ ಭಾರ ಹೊರುವುದಿಲ್ಲ

ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು. ಗಾಡಿಯ ಭಾರ ಹೊರುವುದು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಶಾಕಪ್ ಕೆಲಸ ಪಾಟಾದ ಕುಣಿತ ನಿಲ್ಲಿಸುವುದು, ಅಷ್ಟೇ.

ಅದರ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ಬಾಗಲಕೋಟೆಯ ಹೋಳಿಯನ್ನು ನೆನಪಿಸಿಕೊಳ್ಳಿ. ಪಿಚಕಾರಿಯನ್ನು ಮೆಲ್ಲಗೆ ಒತ್ತಿದರೆ ಬಣ್ಣದ ನೀರು ಸಲೀಸಾಗಿ ಬರುತ್ತದೆ. ಒಮ್ಮೆಲೇ ಜೋರಾಗಿ ಒತ್ತಿದರೆ ಹಿಡಿಕೆ ಅಂಗೈಯನ್ನೇ ವಾಪಸ್ ದೂಡುತ್ತದೆ. ತೂತು ಅದೇ, ನೀರು ಅದೇ, ವೇಗ ಮಾತ್ರ ಬೇರೆ. ಶಾಕಪ್ಪಿನಲ್ಲೂ ಹಾಗೇ. ಪಿಸ್ಟನ್ನಿನ ಸಣ್ಣ ತೂತು ಮತ್ತು ತೆಳು ಸ್ಟೀಲ್ ಬಿಲ್ಲೆಗಳ ನಡುವೆ ಎಣ್ಣೆ ನುಗ್ಗಬೇಕು. ಪಿಸ್ಟನ್ ವೇಗವಾಗಿ ಓಡಿದಷ್ಟೂ ತಡೆ ಜಾಸ್ತಿ. ಪಾಟಾದ ಕುಣಿತದ ಶಕ್ತಿ ಎಣ್ಣೆಗೆ ಹೋಗಿ ಬಿಸಿಯಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಅರ್ಧ ತಾಸು ಓಡಿಸಿ ಇಳಿದು ಶಾಕಪ್ ಮುಟ್ಟಿ ನೋಡಿ, ಹುಷಾರಾಗಿ. ಕೈ ಚುರ್ ಅಂದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದೇ ಸತ್ತಿರುವುದು.

ಇನ್ನೊಂದು ಮಾತು. ಸಾಮಾನ್ಯವಾಗಿ ಶಾಕಪ್ಪನ್ನು ಒತ್ತುವುದು ಸುಲಭ, ಎಳೆಯುವುದು ಕಷ್ಟ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಗಾಲಿ ಕಲ್ಲು ಹತ್ತುವಾಗ ಬೇಗ ಮೇಲೆ ಹೋಗಲಿ ಅಂತ ಒತ್ತುವ ಕಡೆ ಸಡಿಲ. ಬಾಗಿದ ಪಾಟಾ ತಿರುಗಿ ಚಿಮ್ಮುವಾಗ ಹಿಡಿದು ನಿಲ್ಲಿಸಲಿ ಅಂತ ಎಳೆಯುವ ಕಡೆ ಬಿಗಿ.

"ಗ್ಯಾಸ್ ಶಾಕಪ್ ಹಾಕಿದ್ರ ಗಾಡಿ ಎತ್ತರ ಆಗತೈತಿ" ಅಂತ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಶಾಕಪ್ಪಿನ ದಂಡ, ಅಂದರೆ ಪಿಸ್ಟನ್ ಕೂತ ಸರಳು, 14 ಮಿ.ಮೀ. ದಪ್ಪ ಇದ್ದರೆ ಅದರ ಅಡ್ಡ ಕೊಯ್ತ ಸುಮಾರು ಒಂದೂವರೆ ಚದರ ಸೆಂ.ಮೀ. ಒಳಗೆ ತುಂಬಿದ ಗ್ಯಾಸಿನ ಒತ್ತಡ 20 ಬಾರ್ ಇದ್ದರೆ ಅದು ದೂಡುವ ಬಲ ಸುಮಾರು 31 ಕಿಲೋ. ಎರಡೂ ಸೇರಿ 60 ಚಿಲ್ಲರೆ. ಒಂದು ಸಿಮೆಂಟ್ ಚೀಲ ಇಳಿಸಿದಷ್ಟೇ ವ್ಯತ್ಯಾಸ. ಗಾಡಿ ಎತ್ತುವ ಕೆಲಸ ಪಾಟಾದ್ದೇ.

ಎರಡು ಉದ್ದದ ಲೆಕ್ಕ

ಭಾನುವಾರ ತಿಕೋಟಾಕ್ಕೆ ಹೋದೆ. ಅಳಿಯನ ಅಂಗಳದಲ್ಲೇ ಗಾಡಿ ನಿಲ್ಲಿಸಿ, ಟೇಪು ಹಿಡಿದು ಕೆಳಗೆ ನುಸುಳಿದೆವು. ನಿಮ್ಮ ಗಾಡಿಗೆ ಅಂಕಿಗಳು ಬೇರೆ ಬರುತ್ತವೆ, ದಾರಿ ಮಾತ್ರ ಇದೇ.

ಮೊದಲ ಅಳತೆ: ಗಾಡಿ ಸಪಾಟು ನೆಲದ ಮೇಲೆ ಖಾಲಿ ನಿಂತಾಗ ಶಾಕಪ್ಪಿನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಎಷ್ಟು? ಅವನ ಗಾಡಿಯಲ್ಲಿ 497 ಮಿ.ಮೀ. ಎತ್ತರ ಮಾಡುವ ಮೊದಲು ಇದು 450 ಇತ್ತು. 2 ಇಂಚು ಅಂದರೆ ಸುಮಾರು 50 ಮಿ.ಮೀ., ಆದರೆ ಶಾಕಪ್ ಎಳೆದದ್ದು 47 ಮಾತ್ರ. ಯಾಕೆಂದರೆ ಅದು ನೆಟ್ಟಗೆ ನಿಂತಿಲ್ಲ, ಸುಮಾರು 20 ಡಿಗ್ರಿ ವಾಲಿದೆ. ಹಾಗಾಗಿ ಆಕ್ಸೆಲ್ ಎಷ್ಟು ಸರಿಯುತ್ತದೋ ಅದನ್ನು 0.94ರಿಂದ ಗುಣಿಸಿದರೆ ಶಾಕಪ್ಪಿನ ಸರಿತ ಸಿಗುತ್ತದೆ.

ಎರಡನೇ ಅಳತೆ: ಗಾಲಿ ಪೂರ್ತಿ ಮೇಲೆ ಹೋದಾಗ. ಚಾಸಿಯ ಕೆಳಗೆ ಒಂದು ರಬ್ಬರ್ ಗಟ್ಟಿ ಇರುತ್ತದೆ, ಬಂಪ್ ಸ್ಟಾಪ್. ಆಕ್ಸೆಲ್ ಬಂದು ಅದಕ್ಕೆ ಬಡಿದರೆ ಅಲ್ಲಿಗೆ ಕೊನೆ. ರಬ್ಬರಿಗೂ ಆಕ್ಸೆಲ್ಲಿಗೂ ನಡುವಿನ ಸಂದು 130 ಮಿ.ಮೀ. ಬಂತು. 0.94ರಿಂದ ಗುಣಿಸಿದರೆ 122. 497ರಲ್ಲಿ 122 ಹೋದರೆ 375. ರಬ್ಬರ್ ಇನ್ನೊಂದು ಇಂಚಿನಷ್ಟು ಹಿಚುಕಿಕೊಳ್ಳುತ್ತದೆ, ಅದನ್ನೂ ಕಳೆದರೆ ಸುಮಾರು 352. ಅಂದರೆ ಈ ಗಾಡಿಯಲ್ಲಿ ಶಾಕಪ್ 352ರವರೆಗೆ ಮುಚ್ಚಿಕೊಳ್ಳಲೇಬೇಕು. ಒಂದು ಸೆಂ.ಮೀ. ಕೈಯಲ್ಲಿ ಇಟ್ಟುಕೊಂಡರೆ 340.

ಈಗ ಅಂಗಡಿಯವರು ಕೊಟ್ಟ ಶಾಕಪ್ ಬಿಚ್ಚಿ, ಪೂರ್ತಿ ಒತ್ತಿ ಅಳೆದೆವು. 400!

ರಬ್ಬರಿಗೆ ಆಕ್ಸೆಲ್ ಮುಟ್ಟಲು ಇನ್ನೂ ಒಂದು ಇಂಚು ಇರುವಾಗಲೇ ಶಾಕಪ್ ತಳ ಹತ್ತುತ್ತಿತ್ತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ. ಅಳಿಯ ಹೇಳಿದ ಕತ್ತೆಯ ಒದೆತ ಅದೇ. ಬಂಪ್ ಸ್ಟಾಪ್ ತಿನ್ನಬೇಕಾದ ಪೆಟ್ಟನ್ನು ಶಾಕಪ್ಪೂ ಚಾಸಿಯ ಬ್ರಾಕೆಟ್ಟೂ ತಿನ್ನುತ್ತಿದ್ದವು. ಇನ್ನೊಂದು ಸುಗ್ಗಿ ಹೀಗೇ ಓಡಿಸಿದ್ದರೆ ಬ್ರಾಕೆಟ್ಟಿನ ಬೆಸುಗೆ ಬಿಡುತ್ತಿತ್ತು.

ಮೂರನೇ ಅಳತೆ: ಗಾಲಿ ಪೂರ್ತಿ ಕೆಳಗೆ ಜೋತಾಗ. ಚಾಸಿಗೆ ಜಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ಶಾಕಪ್ ಬಿಚ್ಚಿ ಆಕ್ಸೆಲ್ಲನ್ನು ಪಾಟಾದ ಮೇಲೆ ಜೋತುಬಿಡಬೇಕು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ದಯವಿಟ್ಟು. ಆಗ ಬೋಲ್ಟಿನಿಂದ ಬೋಲ್ಟಿಗೆ 605 ಬಂತು. ಬ್ರೇಕ್ ಹೋಸ್ ಬಿಗಿಯಾಗುತ್ತದೋ ಅಂತಲೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಶಾಕಪ್ 615ರವರೆಗಾದರೂ ಬಿಚ್ಚಿಕೊಳ್ಳಬೇಕು. ಕಂಪನಿಯ ಹಳೇ ಶಾಕಪ್ 560ಕ್ಕೇ ಮುಗಿಯುತ್ತಿತ್ತು. ಅದನ್ನೇ ಉಳಿಸಿಕೊಂಡಿದ್ದರೆ ಗಾಲಿ ಜೋತಾಗಲೆಲ್ಲ ಆಕ್ಸೆಲ್ಲಿನ ಭಾರ ಶಾಕಪ್ಪಿನ ದಂಡಕ್ಕೆ ನೇತಾಡುತ್ತಿತ್ತು. ಎತ್ತರ ಮಾಡಿ ಹಳೇ ಶಾಕಪ್ ಬಿಟ್ಟ ಗಾಡಿ ಹಂಪ್ ಇಳಿಯುವಾಗ ಟಕ್ ಅನ್ನುವುದು ಇದಕ್ಕೇ.

ಹಾಗಾದರೆ 340ಕ್ಕೆ ಮುಚ್ಚಿ 615ಕ್ಕೆ ಬಿಚ್ಚುವ ಶಾಕಪ್ ತಂದರೆ ಆಯ್ತಲ್ಲ? ಅಂಥದ್ದು ಇರಲು ಸಾಧ್ಯವೇ ಇಲ್ಲ. ಪ್ರತಿ ಶಾಕಪ್ಪಿನಲ್ಲೂ ಸರಿಯದೇ ಉಳಿಯುವ ಒಂದಿಷ್ಟು ಉದ್ದ ಇರುತ್ತದೆ: ಬೋಲ್ಟ್ ತೂರಿಸುವ ಮೇಲೆ ಕೆಳಗಿನ ಬುಷ್ ಕಿವಿ, ಪಿಸ್ಟನ್, ಸೀಲಿನ ತಲೆ. ಅಂಗಡಿಯ ಆ ಶಾಕಪ್ಪನ್ನೇ ನೋಡಿ. 400ರಿಂದ 660ಕ್ಕೆ ಓಡುತ್ತದೆ, ಓಟ 260. 400ರಲ್ಲಿ 260 ಕಳೆದರೆ ಉಳಿಯುವ 140 ಈ ಸತ್ತ ಉದ್ದ. 340–615ರ ಶಾಕಪ್ಪಿಗೆ ಓಟವೇ 275 ಬೇಕು, ಸತ್ತ ಉದ್ದಕ್ಕೆ ಸಿಗುವುದು ಬರೀ 65. ಅಷ್ಟರಲ್ಲಿ ಎರಡು ಕಿವಿ ಕೂಡಿಸುವುದೇ ಕಷ್ಟ. ಉದ್ದ ಬಿಚ್ಚುವ ಶಾಕಪ್ ಮುಚ್ಚಿದಾಗಲೂ ಉದ್ದವೇ ಇರುತ್ತದೆ. ಎತ್ತರ ಮಾಡಿಸುವವರಲ್ಲಿ ಬಹಳ ಮಂದಿ ಮುಗ್ಗರಿಸುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಪರಿಹಾರ ಶಾಕಪ್ಪಿನಲ್ಲಿಲ್ಲ, ಬಂಪ್ ಸ್ಟಾಪಿನಲ್ಲಿದೆ. ಗಾಡಿ 50 ಮಿ.ಮೀ. ಎತ್ತರ ಆಯಿತಲ್ಲ, ಚಾಸಿಗೂ ಬಂಪ್ ಸ್ಟಾಪಿಗೂ ನಡುವೆ 50 ಮಿ.ಮೀ. ತುಂಡು ಕೂಡಿಸಿ ಅದನ್ನೂ ಇಳಿಸಬೇಕು. ಸಂದು 130 ಇದ್ದದ್ದು 80ಕ್ಕೆ ಬರುತ್ತದೆ. ಗಾಡಿ ಕಂಪನಿಯಿಂದ ಬಂದಾಗಲೂ 80 ಇತ್ತು, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ. ಪಾಟಾ ಉಲ್ಟಾ ಬಾಗುವುದೂ ತಪ್ಪುತ್ತದೆ. ಈಗ ಪೂರ್ತಿ ಮೇಲಿನ ಅಳತೆ ಸುಮಾರು 399. 388ಕ್ಕೆ ಮುಚ್ಚಿದರೆ ಸಾಕು, 615ಕ್ಕೆ ಬಿಚ್ಚಬೇಕು. ಓಟ 227, ಸತ್ತ ಉದ್ದಕ್ಕೆ 160ರಷ್ಟು ಜಾಗ. ಇಂಥದ್ದು ಸಿಗುತ್ತದೆ. ಅಳಿಯನಿಗೆ 385–618ರದ್ದು ಸಿಕ್ಕಿತು.

ಎಷ್ಟು ದಿನ ಭಾರ, ಎಷ್ಟು ದಿನ ಖಾಲಿ

ಉದ್ದ ಸಿಕ್ಕಿತು. ಬಿಗಿ ಎಷ್ಟಿರಬೇಕು? ಇದು ಟೇಪಿಗೆ ಸಿಗುವುದಿಲ್ಲ, ನಿಮ್ಮ ವರ್ಷದ ಲೆಕ್ಕದಲ್ಲಿ ಸಿಗುತ್ತದೆ.

ಪಾಟಾ ಅದೇ ಇದ್ದು ಮೇಲಿನ ಭಾರ ಎರಡು ಪಟ್ಟು ಆದರೆ, ಅದೇ ಹಿಡಿತ ಬೇಕಾದರೆ ಶಾಕಪ್ ಸುಮಾರು 1.4 ಪಟ್ಟು ಬಿಗಿ ಇರಬೇಕು. ಎರಡರ ವರ್ಗಮೂಲ ಅಷ್ಟೇ ತಾನೆ. ಈಗ ನೋಡಿ, ಭಾರಕ್ಕೆ ಸರಿಯಾಗಿ ಬಿಗಿ ಮಾಡಿದ ಶಾಕಪ್ ಖಾಲಿ ಗಾಡಿಗೆ ಜಾಸ್ತಿ ಬಿಗಿ. ಸಣ್ಣ ಗುಂಡಿಗೂ ಹಿಂದಿನ ಗಾಲಿ ಟಣ್ ಅಂತ ಹಾರುತ್ತದೆ. ಖಾಲಿಗೆ ಸರಿಯಾದದ್ದು ಭಾರಕ್ಕೆ ಸಡಿಲ. ತೊಟ್ಟಿಲ ಹಾಗೆ ತೂಗುತ್ತದೆ, ಒಂದು ಹಂಪಿಗೆ ಮೂರು ಸಲ.

ಅಳಿಯ ಮೊದಲು ಹೇಳಿದ್ದು, "ಲೋಡಿಗೆ ಅಂತನ ಗಾಡಿ ತಗೊಂಡೇನಲ್ಲ ಮಾಮಾ, ಬಿಗೀನ ಕೊಡ್ರಿ." ಕೂತು ಕೇಳಿದಾಗ ಬೇರೆ ಚಿತ್ರ ಬಂತು. ಕ್ರೇಟು ತುಂಬಿ ಓಡುವುದು ಸುಗ್ಗಿಯ ಎರಡು ಮೂರು ತಿಂಗಳು. ಒಣದ್ರಾಕ್ಷಿ ತಾಸಗಾಂವಿಗೆ ಒಯ್ಯುವುದು ಬಾಡಿಗೆ ಲಾರಿಯಲ್ಲಿ. ಉಳಿದ ದಿನ ಔಷಧದ ಡಬ್ಬ, ಒಂದೆರಡು ಗೊಬ್ಬರದ ಚೀಲ, ಇಲ್ಲವೇ ಬರೀ ಹೆಂಡತಿ ಮಕ್ಕಳು. ಮೇಲಾಗಿ ಹಿಂದೆ ದ್ರಾಕ್ಷಿ ಇದ್ದಾಗ ಬಿಗಿ ಶಾಕಪ್ ಶತ್ರು. ಗೊನೆ ಅದುರಿದಷ್ಟೂ ಕಾಳು ಉದುರುತ್ತದೆ. ಅವನಿಗೆ ಬೇಕಿದ್ದುದು ಮಧ್ಯಮ ಬಿಗಿ. ಇದೇ ಗಾಡಿ ಇಳಕಲ್ಲಿನಲ್ಲಿ ದಿನಾ ಗ್ರಾನೈಟ್ ತುಂಡು ಹೊರುತ್ತಿದ್ದರೆ ನಾನು ಕಣ್ಣು ಮುಚ್ಚಿ ಬಿಗಿ ಶಾಕಪ್ಪೇ ಹೇಳುತ್ತಿದ್ದೆ.

ಹೊರಗಿನಿಂದ ಗುಬ್ಬಿ ತಿರುಗಿಸಿ ಬಿಗಿ ಬದಲಿಸುವ ಶಾಕಪ್ಪೂ ಸಿಗುತ್ತದೆ. ಒಳ್ಳೆಯದೇ. ಆದರೆ ಅದನ್ನು ತಿರುಗಿಸಲು ಮಳೆಯಲ್ಲಿ ಗಾಡಿ ಕೆಳಗೆ ಯಾರು ಮಲಗುತ್ತಾರೆ? ಎರಡು ವಾರ ತಿರುಗಿಸುತ್ತಾರೆ, ಆಮೇಲೆ ಮಣ್ಣು ತುಂಬಿ ಗುಬ್ಬಿ ಕೂತುಬಿಡುತ್ತದೆ.

ಗಾಡಿ ಎತ್ತರ ಮಾಡಿದ್ದು ಹೇಗೆ ಅನ್ನುವುದೂ ಇಲ್ಲಿ ಬರುತ್ತದೆ. ಆಕ್ಸೆಲ್ಲಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟಿದ್ದರೆ, ಇಲ್ಲವೇ ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿದ್ದರೆ, ಪಾಟಾದ ಗಡಸುತನ ಹೆಚ್ಚುಕಡಿಮೆ ಹಾಗೇ ಇರುತ್ತದೆ. (ಶ್ಯಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ.) ಪಾಟಾದ ಕಟ್ಟಿಗೆ ಒಂದು ಎಲೆ, ಅಂದರೆ ಸ್ಟೀಲ್ ಪಟ್ಟಿ, ಹೆಚ್ಚಿಗೆ ಸೇರಿಸಿದ್ದರೆ ಸ್ಪ್ರಿಂಗ್ ಗಡಸಾಗಿದೆ, ಜೋರಾಗಿ ಚಿಮ್ಮುತ್ತದೆ. ಆಗ ಎಳೆಯುವ ಕಡೆ ಬಿಗಿ ಇರುವ ಶಾಕಪ್ ಬೇಕು. ಹಳೇ ಕಟ್ಟು ತೆಗೆದು ಕಡಿಮೆ ಎಲೆಯ ಪಾಟಾ ಹಾಕಿದ್ದರೂ ಶಾಕಪ್ಪಿಗೆ ಕೆಲಸ ಜಾಸ್ತಿ. ಹತ್ತು ಎಲೆ ಒಂದಕ್ಕೊಂದು ಉಜ್ಜಿಕೊಳ್ಳುವುದೇ ಒಂದು ಬ್ರೇಕು, ಅದು ಕಡಿಮೆಯಾಗುತ್ತದಲ್ಲ.

ಒಂದು ಕೊಳವೆಯೋ, ಎರಡೋ

ಟ್ವಿನ್ ಟ್ಯೂಬ್ ಶಾಕಪ್ಪಿನಲ್ಲಿ ಒಳಗೊಂದು ಹೊರಗೊಂದು ಕೊಳವೆ. ಒಳಗಿನದರಲ್ಲಿ ಪಿಸ್ಟನ್ ಓಡುತ್ತದೆ, ಉಳಿದ ಎಣ್ಣೆ ಹೊರಗಿನದರಲ್ಲಿ, ಅದರ ಮೇಲೆ ಗಾಳಿ ಇಲ್ಲವೇ ಕಡಿಮೆ ಒತ್ತಡದ ನೈಟ್ರೋಜನ್. ಸವಾರಿ ಮೆತ್ತಗೆ, ಬೆಲೆ ಕಡಿಮೆ. ಹೊರಗಿನ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೂ ಪಿಸ್ಟನ್ ಓಡುತ್ತಲೇ ಇರುತ್ತದೆ. ತೊಂದರೆ ಅಂದರೆ ಕೆಟ್ಟ ರಸ್ತೆಯಲ್ಲಿ ಎಣ್ಣೆ ಮಜ್ಜಿಗೆ ಕಡೆದ ಹಾಗೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಕೆಲವರು ಗಾಳಿಯ ಬದಲು ಒಳಗೆ ಫೋಮ್ ತುಂಬಿದ ಶಾಕಪ್ ಮಾಡುತ್ತಾರೆ.

ಮೊನೊ ಟ್ಯೂಬಿನಲ್ಲಿ ಒಂದೇ ಕೊಳವೆ. ತುದಿಯಲ್ಲಿ ತೇಲುವ ಪಿಸ್ಟನ್, ಅದರಾಚೆ ಜೋರು ಒತ್ತಡದ ನೈಟ್ರೋಜನ್. ಎಣ್ಣೆಗೂ ಗ್ಯಾಸಿಗೂ ಮುಟ್ಟಗೊಡುವುದಿಲ್ಲ, ಹಾಗಾಗಿ ನೊರೆ ಇಲ್ಲ. ಎಣ್ಣೆ ಹೊರಗೋಡೆಗೇ ತಾಗಿರುವುದರಿಂದ ಬೇಗ ತಣಿಯುತ್ತದೆ. ಫ್ರಾನ್ಸಿನ ಕ್ರಿಸ್ತಿಯಾನ್ ಬೂರ್ಸಿಯೆ ದ ಕಾರ್ಬನ್ ಕಂಡುಹಿಡಿದ ಈ ಉಪಾಯವನ್ನು 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಕಾರುಗಳಿಗೆ ತಂದಿತು. ಆದರೆ ಒಂದು ಚೂಪು ಕಲ್ಲು ಬಡಿದು ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗ್ಯಾಸಿನ ಕೋಣೆಗೂ ಜಾಗ ಬೇಕು, ಹಾಗಾಗಿ ಸತ್ತ ಉದ್ದ ಇನ್ನೂ ಜಾಸ್ತಿ. ಪಕ್ಕದಲ್ಲಿ ಬೇರೆ ಡಬ್ಬಿ ಇರುವ ಶಾಕಪ್ ಬಂದದ್ದು ಈ ಜಾಗದ ತೊಂದರೆಗೂ ಹೌದು, ಬಿಸಿ ತಡೆಯಲೂ ಹೌದು. ನೋಡಲು ಚಂದ. ದ್ರಾಕ್ಷಿ ತೋಟಕ್ಕೆ ಅದರ ಅಗತ್ಯ ಇಲ್ಲ.

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ವಾರಕ್ಕೆರಡು ಸಲ ಓಡಿಸುವವರಿಗೆ ನಾನು ಮೊನೊ ಟ್ಯೂಬ್ ಹೇಳುತ್ತೇನೆ. ನಿಧಾನಕ್ಕೆ ಹೊಲದ ದಾರಿಯಲ್ಲಿ ಹೋಗುವ ಅಳಿಯನಿಗೆ ಟ್ವಿನ್ ಟ್ಯೂಬ್ ಸಾಕಾಯಿತು.

ಶಾಕಪ್ಪಿನ ವಾಲಿಕೆ ಬಗ್ಗೆ ಒಂದೇ ಮಾತು. ಉದ್ದ ಹೊಂದಲಿಲ್ಲ ಅಂತ ಬ್ರಾಕೆಟ್ ಕತ್ತರಿಸಿ ಶಾಕಪ್ಪನ್ನು ಇನ್ನೂ ಅಡ್ಡ ಮಲಗಿಸುವ ಮಿಸ್ತ್ರಿಗಳಿದ್ದಾರೆ. 45 ಡಿಗ್ರಿ ವಾಲಿಸಿದರೆ ಆಕ್ಸೆಲ್ಲಿಗೆ ಸಿಗುವ ಹಿಡಿತ ಅರ್ಧಕ್ಕೆ ಇಳಿಯುತ್ತದೆ. ಬೇಡ.

ಶಾಕಪ್ ಬದಲಿಸುವಾಗ ನೋಡಲೇಬೇಕಾದದ್ದು

ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸೆಲ್ಲಿನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿರುತ್ತದೆ. ಅದರ ತುದಿಯಲ್ಲಿ ಬ್ರೇಕಿನ ಒಂದು ವಾಲ್ವ್. ಭಾರ ಹೇರಿದಾಗ ಚಾಸಿ ಕೆಳಗೆ ಕೂರುತ್ತದೆ, ಸರಳು ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಹೋಗುತ್ತದೆ. ಖಾಲಿ ಇದ್ದಾಗ ಕಡಿಮೆ, ಇಲ್ಲದಿದ್ದರೆ ಹಿಂದಿನ ಗಾಲಿ ಜಾರುತ್ತವೆ. ಈಗ ಗಾಡಿಯನ್ನು 2 ಇಂಚು ಎತ್ತರ ಮಾಡಿದಿರಿ. ವಾಲ್ವಿಗೆ ಏನು ಗೊತ್ತು? ಗಾಡಿ ಯಾವಾಗಲೂ ಖಾಲಿ ಅಂತಲೇ ಅಂದುಕೊಳ್ಳುತ್ತದೆ. ಕ್ರೇಟು ತುಂಬಿದಾಗಲೂ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ. ಅಳಿಯನ ಗಾಡಿಯಲ್ಲಿ ಈ ಸರಳನ್ನು ಯಾರೂ ಮುಟ್ಟಿರಲಿಲ್ಲ. ಶಾಕಪ್ಪಿಗಿಂತ ನನಗೆ ಹೆದರಿಕೆ ಆದದ್ದು ಇದನ್ನು ನೋಡಿ. ಸರಳಿನ ಬ್ರಾಕೆಟ್ಟನ್ನು ಎತ್ತರಕ್ಕೆ ತಕ್ಕಂತೆ ಸರಿಸಬೇಕು, ಬ್ರೇಕ್ ಕೆಲಸ ಬಲ್ಲವರ ಕೈಯಲ್ಲೇ.

ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸೆಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿರುತ್ತದೆ. ಗಾಡಿ ಹೊರಡುವಾಗ ನಡುಗಿದರೆ ಅಲ್ಲಿ ನೋಡಿ. ಹೆಡ್‌ಲೈಟೂ ಇಳಿಸಿಕೊಳ್ಳಿ, ಎದುರಿನವರ ಶಾಪ ತಟ್ಟಬಾರದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎತ್ತರ ಮಾಡಿಸುವ ಮೊದಲೇ ಆರ್‌ಟಿಒ ಮತ್ತು ವಿಮೆಯವರನ್ನು ಕೇಳುವುದು ಒಳ್ಳೆಯದು. ಅಳಿಯ ಕೇಳಿರಲಿಲ್ಲ. ಬೈದೆ.

ಕೂಡಿಸುವಾಗ ಎರಡು ವಿಷಯ. ಟ್ವಿನ್ ಟ್ಯೂಬ್ ಶಾಕಪ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಒಳಗಿನ ಕೊಳವೆಗೆ ಗಾಳಿ ಹೊಕ್ಕಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ. ಮೊದಲ ಸಲ ನಡುವೆ ಪೊಳ್ಳು ಅನ್ನಿಸುತ್ತದೆ, ಆಮೇಲೆ ಒಂದೇ ಸಮ ಬಿಗಿ ಬರುತ್ತದೆ. ಎರಡನೆಯದು, ಬುಷ್ಷಿನ ಬೋಲ್ಟುಗಳನ್ನು ಗಾಡಿ ಜಾಕ್ ಮೇಲೆ ಇರುವಾಗ ಕೊನೆಯ ಬಿಗಿ ಕೊಡಬೇಡಿ. ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ, ಬೇಗ ಹರಿಯುತ್ತದೆ. ಗಾಡಿಯನ್ನು ನೆಲಕ್ಕಿಳಿಸಿ, ಭಾರ ಗಾಲಿಯ ಮೇಲೆ ಬಂದ ಮೇಲೆ ಬಿಗಿ ಮಾಡಿ. ನಮ್ಮ ಕಡೆ ಬಹಳ ಜನ ಇದನ್ನು ಮಾಡುವುದಿಲ್ಲ, ಆರು ತಿಂಗಳಿಗೆ ಕಿರ್ ಕಿರ್ ಸುರುವಾದಾಗ ಶಾಕಪ್ಪನ್ನು ಬೈಯುತ್ತಾರೆ.

ಎಲ್ಲ ಮುಗಿದ ಮೇಲೆ ಅಳಿಯ ಕೇಳಿದ, "ಈಗ ತಳ ಹತ್ತೂದಿಲ್ಲಂತ ಹೆಂಗ ಗೊತ್ತಾಗತೈತಿ ಮಾಮಾ?" ಹೊಲದಿಂದ ಒಂದು ಮುಷ್ಟಿ ಎರೆಮಣ್ಣು ತರಿಸಿದೆ. ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ ಎರಡೂ ಬಂಪ್ ಸ್ಟಾಪಿಗೆ ಎರಡು ಬೆರಳು ದಪ್ಪ ಮೆತ್ತಿದೆವು. ಹಿಂದೆ ಗೊಬ್ಬರದ ಚೀಲ ಹೇರಿಕೊಂಡು ತೋಟದ ದಾರಿಯಲ್ಲಿ ಹೋಗಿ ಬಂದೆವು. ಇಳಿದು ಬಗ್ಗಿ ನೋಡಿದರೆ ಬಲಗಡೆಯ ಮಣ್ಣು ಚಪ್ಪಟೆಯಾಗಿತ್ತು, ಆಕ್ಸೆಲ್ಲಿನ ಗುರುತು ಅಚ್ಚೊತ್ತಿದ ಹಾಗೆ ಮೂಡಿತ್ತು. ರಬ್ಬರಿನವರೆಗೆ ಇನ್ನೂ ಅರ್ಧ ಬೆರಳು ಉಳಿದಿತ್ತು. ಎಡಗಡೆಯ ಮಣ್ಣು ಮೆತ್ತಿದ ಹಾಗೇ ಇತ್ತು, ನಮ್ಮ ಬೆರಳ ಗುರುತಿನ ಸಮೇತ.